ರವಿವಾರದ ಓದು

"ಪುರಾಣ ಪ್ರವಚನಗಳನ್ನು ಹೇಳುತ್ತ ಊರೂರು ತಿರುಗುವ ತಾವು, ಬಿಡುವಿನ ದಿನ ಮನೆಮಂದಿಯೆಲ್ಲ ಕುಳಿತು ಓದತಕ್ಕದ್ದು ಏನೆಂಬುದನ್ನು ಒಮ್ಮೆ ಬರೆದು ತಿಳಿಸಬಾರದೆ?" ಎಂದು ವಾಚಕರಲ್ಲಿ ಕೆಲವರು ನಮ್ಮನ್ನು ಕೇಳುತ್ತ ಬಂದಿದ್ದಾರೆ. ದೇಶದ ವರ್ತಮಾನ, ಹೊಸ ಯಂತ್ರವಿದ್ಯೆ, ಇತಿಹಾಸ, ಸಂಸ್ಕೃತಿ ಈ ನಾಲ್ಕರ ವಿಷಯದಲ್ಲಿ ಮಕ್ಕಳಿಗೂ ದೊಡ್ಡವರಿಗೂ ಹೊಂದುವಂಥ ಓದು ಯಾವುದು ಎಂಬುದು ಅವರ ಪ್ರಶ್ನೆ. ಪ್ರಶ್ನೆ ಸಣ್ಣದಲ್ಲ. ಉತ್ತರ ಹೇಳುವ ಮೊದಲು ನಮ್ಮಿಂದಾದ ಒಂದು ತಪ್ಪನ್ನು ವಾಚಕರ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಆ ತಪ್ಪು ನಡೆಯದೆ ಇದ್ದಿದ್ದರೆ ಈ ವಿಷಯವನ್ನು ಕುರಿತು ಬರೆಯುವ ಅಧಿಕಾರ ನಮಗೆ ಬರುತ್ತಿರಲಿಲ್ಲ.

ನಾವು ಬಾಲ್ಯದಿಂದ ಮಠದಲ್ಲಿ ಬೆಳೆದವರು. ಬೆಳಗಿನ ಪೂಜೆ, ಸಂಸ್ಕೃತದ ಪಾಠ, ಪ್ರಸಾದ, ಸಂಜೆಯ ಪ್ರಾರ್ಥನೆ ಇಷ್ಟರಲ್ಲಿ ನಮ್ಮ ದಿನ ಮುಗಿಯುತ್ತಿತ್ತು. ಅಮರಕೋಶವನ್ನು ಬಾಯಿಪಾಠ ಮಾಡಿದವನಿಗೆ ವರ್ತಮಾನ ಪತ್ರಿಕೆಯಿಂದ ಆಗಬೇಕಾದುದೇನು ಎಂಬ ಒಂದು ಬಗೆಯ ಬಿಗುಮಾನವೂ ನಮ್ಮಲ್ಲಿ ಇತ್ತು. ನಮ್ಮ ಗುರುಗಳು ಮಾತ್ರ ಹಾಗಿರಲಿಲ್ಲ. ಅವರ ಕೋಣೆಯಲ್ಲಿ ಒಂದು ಕಬ್ಬಿಣದ ಟ್ರಂಕು, ಅದರ ತುಂಬ 'ಕಸ್ತೂರಿ'ಯ ಹಳೆಯ ಸಂಚಿಕೆಗಳು. 1956ರಲ್ಲಿ ಹುಬ್ಬಳ್ಳಿಯಿಂದ ಹೊರಡತೊಡಗಿದ ಆ ಮಾಸಪತ್ರಿಕೆ ಆಗಿನ ಉತ್ತರ ಕರ್ನಾಟಕದ ಮನೆಗಳಿಗೆ ಒಂದು ಚಿಕ್ಕ ವಿಶ್ವವಿದ್ಯಾಲಯದಂತೆ ಇತ್ತು. ಒಂದೇ ಸಂಚಿಕೆಯಲ್ಲಿ ವಿಜ್ಞಾನ, ಪ್ರವಾಸ, ಇತಿಹಾಸ, ಪರದೇಶದ ರಾಜಕೀಯ, ಕೊನೆಯಲ್ಲಿ ಯಾವುದಾದರೊಂದು ಒಳ್ಳೆಯ ಪುಸ್ತಕದ ಸಂಗ್ರಹ. ಅದರ ಸಂಪಾದಕತ್ವವನ್ನು ದೀರ್ಘಕಾಲ ವಹಿಸಿದ್ದ ಪಾ. ವೆಂ. ಆಚಾರ್ಯರು 'ಪದಾರ್ಥ ಚಿಂತಾಮಣಿ' ಎಂಬ ಅಂಕಣದಲ್ಲಿ ದಿನಬಳಕೆಯ ಒಂದೊಂದು ಶಬ್ದದ ಹುಟ್ಟು ಬೆಳವಣಿಗೆಗಳನ್ನು ವಿವರಿಸುತ್ತಿದ್ದರು. ಶನಿವಾರ ರಾತ್ರಿ ಪ್ರಸಾದವಾದ ಮೇಲೆ ಗುರುಗಳು ಟ್ರಂಕು ತೆರೆಯುವರು. ಒಬ್ಬ ವಟು ಓದಬೇಕು, ಉಳಿದವರು ಕೇಳಬೇಕು. ಓದು ಮುಗಿದ ಕೂಡಲೆ ಗುರುಗಳು, "ಇದರಾಗ ಸಂಖ್ಯೆ ಎಷ್ಟು ಬಂದುವು, ಹೇಳ್ರಿ" ಎಂದು ಕೇಳುವರು. ಹೇಳಲು ಬಾರದಿದ್ದರೆ ಮತ್ತೊಮ್ಮೆ ಮೊದಲಿನಿಂದ ಓದು. ಅದೊಂದು ಶಿಕ್ಷೆ ಎಂದು ನಾವು ಆಗ ತಿಳಿದಿದ್ದೆವು.

ಆ ಪಾಠದ ಬೆಲೆ ನಮಗೆ ತಿಳಿದದ್ದು ನಾಲ್ಕು ದಶಕಗಳ ಅನಂತರ.

2018ರ ಆಗಸ್ಟ್ 14ರಂದು ಮಹದಾಯಿ ನದಿನೀರಿನ ನ್ಯಾಯಾಧಿಕರಣದ ತೀರ್ಪು ಹೊರಬಿತ್ತು. ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟಿ ಗೋವೆಯ ಕಡೆಗೆ ಹರಿದು ಸಮುದ್ರ ಸೇರುವ ಮಹದಾಯಿಯ ನೀರಿನಲ್ಲಿ ಒಂದು ಪಾಲನ್ನು, ಅದೇ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಪೂರ್ವಕ್ಕೆ ಹರಿಯುವ ಮಲಪ್ರಭೆಗೆ ತಿರುಗಿಸಬೇಕೆಂಬುದು ಕಳಸಾ-ಬಂಡೂರಿ ಯೋಜನೆಯ ಉದ್ದೇಶ. ಇದಕ್ಕಾಗಿ ನಮ್ಮ ಭಾಗದ ರೈತರು ವರ್ಷಾನುಗಟ್ಟಲೆ ಹೋರಾಡಿದ್ದನ್ನು ವಾಚಕರು ಬಲ್ಲರು. ತೀರ್ಪಿನ ಮರುದಿನ ನಮ್ಮ ಕೈಗೆ ಬಂದ ಪತ್ರಿಕೆಯ ತಲೆಬರಹದಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ನೀರು ದೊರೆಯಿತೆಂಬ ಮಾತು ದೊಡ್ಡ ಅಕ್ಷರದಲ್ಲಿತ್ತು. ನಾವು ಓದಿದ್ದು ಅಷ್ಟೇ. ಕೆಳಗಿನ ವಿವರವನ್ನು ಓದಲಿಲ್ಲ. ಕನ್ನಡಕ ಪಕ್ಕದಲ್ಲಿಯೇ ಇತ್ತು, ಓದುವ ತಾಳ್ಮೆ ಇರಲಿಲ್ಲ.

ಅದೇ ವಾರ ಸವದತ್ತಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿರುವ ನಮ್ಮ ತಂಗಿಯ ಮನೆಗೆ ಹೋಗುವ ಪ್ರಸಂಗ ಬಂದಿತು. ತಂಗಿಯ ಮಗ ಕಾಲುವೆಯ ಕೊನೆಯ ಭಾಗದಲ್ಲಿ ಹೊಲ ಮಾಡುವವನು. "ಮಾಮಾ, ಪೇಪರದಾಗ ಏನ್ ಬಂದೈತ್ರಿ?" ಎಂದು ಕೇಳಿದ. ನಾವು ಹಿಂದೆಮುಂದೆ ನೋಡದೆ, "ಹದಿಮೂರೂವರೆ ಟಿಎಂಸಿ ನೀರು ಬಂದಂತೆಯೇ, ಇನ್ನು ಮಲಪ್ರಭೆಗೆ ಬರ ಎಂಬುದಿಲ್ಲ" ಎಂದು ಬಿಟ್ಟೆವು. ಊರ ಕಟ್ಟೆಯ ಮೇಲೆಯೂ ಅದನ್ನೇ ಹೇಳಿದೆವು. ಹಿರಿಯರು ಕೈಮುಗಿದು ಕೇಳಿದರು. ಕೇಳುವವರು ಕೈಮುಗಿದಷ್ಟೂ ಹೇಳುವವನ ಹೊಣೆ ಹೆಚ್ಚುತ್ತದೆ ಎಂಬುದು ಆ ಹೊತ್ತಿಗೆ ನಮ್ಮ ನೆನಪಿಗೆ ಬರಲಿಲ್ಲ.

ಅಳಿಯ ನಮ್ಮ ಮಾತನ್ನು ನಂಬಿದ. ಮೂರು ಲಕ್ಷ ರೂಪಾಯಿ ಸಾಲ ತೆಗೆದು ಪೈಪ್‌ಲೈನ್ ಹಾಕಿಸಿದ. ಜೋಳ ಬಿತ್ತುತ್ತಿದ್ದ ಹೊಲದಲ್ಲಿ ಕಬ್ಬು ನಾಟಿ ಮಾಡಿದ. ಮುಂದಿನ ಬೇಸಗೆಯಲ್ಲಿ ಕಾಲುವೆಯ ನೀರು ಅವನ ಹೊಲದವರೆಗೆ ಮುಟ್ಟಲಿಲ್ಲ. ಕಬ್ಬು ನಿಂತಲ್ಲಿಯೇ ಒಣಗಿತು. ಸಾಲದ ಕಂತಿಗೆ ಎತ್ತುಗಳನ್ನು ಮಾರಿದ, ಅದು ಸಾಲದೆ ಒಂದು ಎಕರೆ ಹೊಲವನ್ನೂ ಬರೆದುಕೊಟ್ಟ. ಅವನು ನಮ್ಮ ಮುಂದೆ ಒಂದು ಮಾತನ್ನೂ ಆಡಲಿಲ್ಲ. ತಂಗಿ ಮಾತ್ರ ಒಂದು ಸಲ, "ಅಣ್ಣಾ, ನೀ ಓದಿದಾಂವ ಹೇಳಿದ್ದಿ ಅಂತ ನಂಬಿದ್ವಿ" ಎಂದಳು. ಬೈದಿದ್ದರೆ ನಮಗೆ ಅಷ್ಟು ನೋವಾಗುತ್ತಿರಲಿಲ್ಲ.

ಊರಿನಿಂದ ಮರಳಿ ಬಂದ ದಿನವೇ ನಾವು ಹಳೆಯ ಪತ್ರಿಕೆಗಳನ್ನು ಕೂಡಿಸಿಕೊಂಡು ಕುಳಿತೆವು. ತೀರ್ಪಿನ ವಿವರ ಹೀಗಿದೆ. 13.42 ಟಿಎಂಸಿಯಲ್ಲಿ 8.02 ಟಿಎಂಸಿ ವಿದ್ಯುತ್ತಿನ ಉತ್ಪಾದನೆಗೆ. ಅದು ಯಂತ್ರವನ್ನು ತಿರುಗಿಸಿ ಮತ್ತೆ ನದಿಗೇ ಸೇರತಕ್ಕ ನೀರು. ಉಳಿದ 5.40ರಲ್ಲಿ 1.50 ಮಹದಾಯಿ ಕಣಿವೆಯೊಳಗಿನ ಬಳಕೆಗೆ. ಮಲಪ್ರಭೆಗೆ ತಿರುಗಿಸಲು ಒಪ್ಪಿಗೆ ದೊರೆತದ್ದು ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.90 ಟಿಎಂಸಿ ಮಾತ್ರ. ಅದೂ ಕುಡಿಯುವ ನೀರಿನ ಸಲುವಾಗಿ, ಕಬ್ಬಿಗಾಗಿ ಅಲ್ಲ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ನಮ್ಮ ಲೆಕ್ಕದಲ್ಲಿ ಸುಮಾರು 2,831 ಕೋಟಿ ಲೀಟರು. ಕೇಳಲು ಅಗಾಧ. ಆದರೆ ಸವದತ್ತಿಯ ಬಳಿಯ ನವಿಲುತೀರ್ಥದ ಜಲಾಶಯ 37.73 ಟಿಎಂಸಿ ಹಿಡಿಯುವಂಥದ್ದು. 3.90 ಎಂಬುದು ಅದರ ಹತ್ತರಲ್ಲಿ ಒಂದು ಪಾಲು. ಮೇಲಾಗಿ ತೀರ್ಪು ಬಂದೊಡನೆ ನೀರು ಬರುವುದಿಲ್ಲ. ರಾಜ್ಯಗಳು ಮತ್ತೆ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದವು. ತೀರ್ಪು ಕೇಂದ್ರದ ರಾಜಪತ್ರದಲ್ಲಿ ಪ್ರಕಟವಾದದ್ದು 2020ರ ಫೆಬ್ರವರಿಯಲ್ಲಿ. ಪತ್ರಿಕೆಯಲ್ಲಿ ಸುಳ್ಳು ಇರಲಿಲ್ಲ. ಈ ಅಂಕಿಗಳಲ್ಲಿ ಬಹುಪಾಲು ಅಂದಿನ ಪುಟದಲ್ಲಿಯೇ ತಲೆಬರಹದ ಕೆಳಗೆ ಅಚ್ಚಾಗಿದ್ದುವು. ಓದದೆ ಹೇಳಿದವರು ನಾವು.

ಅಂದಿನಿಂದ ನಾವು ಯಾವ ವರ್ತಮಾನವನ್ನು ಓದಿದರೂ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತೇವೆ. ಎಷ್ಟು? ಯಾತಕ್ಕೆ? ಯಾವಾಗಿನಿಂದ? ಈ ಮೂರಕ್ಕೂ ಉತ್ತರ ಸಿಗುವವರೆಗೆ ಅದನ್ನು ಮತ್ತೊಬ್ಬರಿಗೆ ಹೇಳುವುದಿಲ್ಲ ಎಂಬುದು ನಾವು ಹಿಡಿದ ವ್ರತ.

ಈಗ ನಾವು ವಾಸವಾಗಿರುವುದು ಬೆಳಗಾವಿಯ ಆಟೋ ನಗರದಲ್ಲಿ, ನಮ್ಮ ತಮ್ಮನ ಗ್ಯಾರೇಜಿನ ಹಿಂಬದಿಯ ಎರಡು ಕೋಣೆಗಳಲ್ಲಿ. ಕಣಬರ್ಗಿಯ ಕಡೆಗಿರುವ ಈ ಬಡಾವಣೆಯ ಕ್ರಿಕೆಟ್ ಮೈದಾನವನ್ನು ಹೊರಗಿನವರು ಬಲ್ಲರು. ಒಳಗಿನ ಬೀದಿಗಳ ಪರಿಚಯ ಗಾಡಿ ಕೆಟ್ಟವರಿಗೆ ಮಾತ್ರ. ಬೆಳಗಾದರೆ ಲೇಥ್ ಯಂತ್ರದ ಸದ್ದು, ವೆಲ್ಡಿಂಗಿನ ಕಿಡಿ, ಸುಟ್ಟ ಎಣ್ಣೆಯ ವಾಸನೆ. ಮಠದ ಗಂಧ ಧೂಪಗಳಲ್ಲಿ ಬೆಳೆದ ನಮಗೆ ಮೊದಮೊದಲು ಇಲ್ಲಿ ಜಪಕ್ಕೆ ಕುಳಿತುಕೊಳ್ಳುವುದೇ ಕಠಿಣವಾಯಿತು. ಕ್ರಮೇಣ, ಕೆಟ್ಟದ್ದನ್ನು ಸರಿಪಡಿಸುವ ಈ ಜನರ ಏಕಾಗ್ರತೆ ನಮ್ಮ ಜಪಕ್ಕಿಂತ ಕಡಿಮೆಯದಲ್ಲ ಎಂಬುದು ಮನವರಿಕೆಯಾಯಿತು.

ತಮ್ಮನ ಗ್ಯಾರೇಜಿಗೆ ರವಿವಾರ ರಜೆ. ಆ ದಿನ ಮುಂಜಾನೆ ಹತ್ತು ಗಂಟೆಗೆ ಗ್ಯಾರೇಜಿನ ಮುಂದಿನ ಕಟ್ಟೆಯ ಮೇಲೆ ನಾವು ಐದಾರು ಜನ ಸೇರುತ್ತೇವೆ. ನಮ್ಮ ತಮ್ಮ, ಅವನ ಕೈಕೆಳಗಿನ ಹುಡುಗ, ಎದುರಿನ ಲೇಥ್ ಅಂಗಡಿಯ ಯಜಮಾನರು, ಖಾನಾಪುರ ತಾಲ್ಲೂಕಿನಿಂದ ಬಂದ ಒಬ್ಬ ವೆಲ್ಡರ್, ನೆರೆಮನೆಯ ಪಾಲಿಟೆಕ್ನಿಕ್ ಓದುವ ಹುಡುಗಿ. ವೆಲ್ಡರರ ಮನೆಮಾತು ಮರಾಠಿ. ಒಂದು ತಾಸು ಓದು, ಅರ್ಧ ತಾಸು ಚರ್ಚೆ, ಕೊನೆಗೆ ಚಹಾ ಮತ್ತು ಚುರಮುರಿ. ಮಠದ ಶನಿವಾರದ ರಾತ್ರಿ ಇಲ್ಲಿ ರವಿವಾರದ ಬೆಳಗಾಗಿದೆ ಎನ್ನಬಹುದು. ವಾಚಕರು ಕೇಳಿದ ನಾಲ್ಕು ವಿಷಯಗಳಲ್ಲಿ ನಾವು ಓದಿದ್ದೇನು, ಅದರಿಂದ ಆದದ್ದೇನು ಎಂಬುದನ್ನು ಹೇಳಿದರೆ ಅದೇ ನಮ್ಮ ಶಿಫಾರಸು.

ಮೊದಲನೆಯದು ವರ್ತಮಾನ. ಇದರಲ್ಲಿ ನಮ್ಮ ಸಲಹೆ ಸರಳ. ವಾರದಲ್ಲಿ ಬಂದ ನೂರು ಸುದ್ದಿಗಳಲ್ಲಿ ನಮ್ಮ ಊರು, ನಮ್ಮ ನೀರು, ನಮ್ಮ ಹೊಲ, ನಮ್ಮ ಕೂಲಿಗೆ ಸಂಬಂಧಿಸಿದ ಒಂದೇ ಸುದ್ದಿಯನ್ನು ಆರಿಸಿರಿ. ಅದನ್ನು ಎರಡು ಪತ್ರಿಕೆಗಳಲ್ಲಿ ಓದಿರಿ, ಸಾಧ್ಯವಿದ್ದರೆ ಎರಡು ಭಾಷೆಗಳಲ್ಲಿ ಓದಿರಿ. ನಮ್ಮ ಕಟ್ಟೆಯ ಮೇಲೆ ವೆಲ್ಡರ್ ಮಹಾಶಯರು ಮರಾಠಿ ಪತ್ರಿಕೆಯನ್ನು ಓದಿ ಹೇಳುತ್ತಾರೆ, ನಾವು ಕನ್ನಡ ಪತ್ರಿಕೆಯನ್ನು ಓದುತ್ತೇವೆ. ಗಡಿಯ ವಿಷಯ ಬಂದ ದಿನ ಎರಡೂ ಪತ್ರಿಕೆಗಳ ತಲೆಬರಹಗಳು ಪರಸ್ಪರ ಮುಖ ತಿರುಗಿಸಿಕೊಂಡಿರುತ್ತವೆ. 1967ರ ಮಹಾಜನ ಆಯೋಗದ ವರದಿ, 2004ರಲ್ಲಿ ಮಹಾರಾಷ್ಟ್ರ ಸರ್ವೋಚ್ಚ ನ್ಯಾಯಾಲಯದಲ್ಲಿ ಹೂಡಿದ ದಾವೆ ಇವು ಎರಡರಲ್ಲಿಯೂ ಬರುತ್ತವೆ, ಒತ್ತು ಬೇರೆ. ಮೊದಲ ಸಲ ಓದಿದಾಗ ಕಟ್ಟೆಯ ಮೇಲೆ ಧ್ವನಿಗಳು ಏರಿದುವು. ಆಗ ಲೇಥ್ ಅಂಗಡಿಯ ಯಜಮಾನರು, "ಎರಡೂ ಪೇಪರಿನ್ಯಾಗ ಒಂದ ಇರೂದು ಯಾವುದು, ಬ್ಯಾರೆ ಇರೂದು ಯಾವುದು, ಅಷ್ಟ ಬರೀರಿ" ಎಂದರು. ಬರೆದು ನೋಡಿದರೆ ಒಂದೇ ಇದ್ದದ್ದು ವರ್ಷಗಳು, ಹೆಸರುಗಳು, ಅಂಕಿಗಳು. ಬೇರೆ ಇದ್ದದ್ದು ವಿಶೇಷಣಗಳು. ಇದನ್ನು ಕಲಿತ ಮೇಲೆ ನಮ್ಮ ಕಟ್ಟೆಯ ಮೇಲೆ ಜಗಳವಾದದ್ದಿಲ್ಲ, ಭಿನ್ನಾಭಿಪ್ರಾಯ ಬೇಕಾದಷ್ಟು ಇದೆ.

ಮೊಬೈಲಿನಲ್ಲಿ ಬರುವ ಸಂದೇಶಗಳ ವಿಷಯದಲ್ಲಿಯೂ ಇದೇ ಮಾತು. ಬರೆದವರ ಹೆಸರಿಲ್ಲದ, ದಿನಾಂಕವಿಲ್ಲದ, "ಎಲ್ಲರಿಗೂ ಕಳುಹಿಸಿರಿ" ಎಂದು ಒತ್ತಾಯಿಸುವ ಸಂದೇಶ ಎಷ್ಟೇ ಭಕ್ತಿಯಿಂದ ಕೂಡಿದ್ದರೂ ಅದು ಓದಲ್ಲ. ಹೆಸರು ಹಾಕದೆ ಬರೆದ ಪತ್ರವನ್ನು ನಮ್ಮ ಹಿರಿಯರು ಪತ್ರವೆಂದೇ ಭಾವಿಸುತ್ತಿರಲಿಲ್ಲ.

ಎರಡನೆಯದು ಯಂತ್ರವಿದ್ಯೆ. ಇದರಲ್ಲಿ ನಾವು ಗುರುಗಳಲ್ಲ, ಶಿಷ್ಯರು. 2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಭಾರತ್ ಸ್ಟೇಜ್ 6 ಎಂಬ ಹೊಗೆಯ ನಿಯಮ ಜಾರಿಗೆ ಬಂದಿತು. ನಾಲ್ಕನೆಯ ಹಂತದಿಂದ ಐದನೆಯದನ್ನು ಬಿಟ್ಟು ನೇರವಾಗಿ ಆರಕ್ಕೆ ಏರಿದರು. ಇಂಧನದಲ್ಲಿರುವ ಗಂಧಕದ ಅಂಶ ಹತ್ತು ಲಕ್ಷ ಭಾಗಕ್ಕೆ 50 ಇದ್ದದ್ದು 10ಕ್ಕೆ ಇಳಿಯಬೇಕಾಯಿತು. ಇದರಿಂದ ಊರಿನ ಗಾಳಿಗೆ ಹಿತವಾಯಿತು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ನಮ್ಮ ತಮ್ಮನಿಗೆ ದಿಕ್ಕು ತೋಚದಾಯಿತು. ಅವನು ಏಳನೆಯ ಇಯತ್ತೆ ಓದಿ ಪಾನಾ ಹಿಡಿದವನು. ಕಾರ್ಬೊರೇಟರಿನ ಕೆಲಸದಲ್ಲಿ ಅವನ ಕೈಗೆ ಸರಿಗಟ್ಟುವವರು ಈ ಬೀದಿಯಲ್ಲಿ ಇರಲಿಲ್ಲ. ಹೊಸ ಬೈಕುಗಳಲ್ಲಿ ಕಾರ್ಬೊರೇಟರೇ ಮಾಯವಾಗಿ ಅದರ ಜಾಗದಲ್ಲಿ ಫ್ಯೂಯೆಲ್ ಇಂಜೆಕ್ಷನ್ ಬಂದು ಕುಳಿತಿತು. "ಅಣ್ಣಾ, ನಲವತ್ತು ವರ್ಷ ಕಲಿತದ್ದು ನೀರಾಗ ಹೋತು. ಅಂಗಡಿ ಮುಚ್ಚತೀನಿ" ಎಂದು ಒಂದು ರಾತ್ರಿ ಊಟ ಬಿಟ್ಟು ಎದ್ದ.

ಆಗ ನೆರವಿಗೆ ಬಂದವಳು ಪಾಲಿಟೆಕ್ನಿಕ್ ಹುಡುಗಿ. ಇಂಗ್ಲಿಷಿನಲ್ಲಿದ್ದ ದುರಸ್ತಿಯ ಕೈಪಿಡಿಯನ್ನು ತಂದು ರವಿವಾರ ರವಿವಾರ ಎರಡೆರಡು ಪುಟ ಓದತೊಡಗಿದಳು. ಅವಳು ಓದುವುದು, ನಾವು ನಿಘಂಟು ಹಿಡಿದು ಕನ್ನಡಿಸುವುದು, ತಮ್ಮ ಯಂತ್ರವನ್ನು ಬಿಚ್ಚಿ ತೋರಿಸುವುದು. ಒಂದು ತೂಕ ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು 14.7 ತೂಕ ಗಾಳಿ ಬೇಕು ಎಂದು ಅವಳು ಓದಿದಳು. ಕಾರ್ಬೊರೇಟರಿನಲ್ಲಿ ಒಳಗೆ ನುಗ್ಗುವ ಗಾಳಿಯೇ ಪೆಟ್ರೋಲನ್ನು ಹೀರಿಕೊಂಡು ಬೆರೆಯುತ್ತದೆ. ಹೊಸ ವ್ಯವಸ್ಥೆಯಲ್ಲಿ ಹೊಗೆಯ ಕೊಳವೆಯೊಳಗಿನ ಒಂದು ಸೆನ್ಸರ್ ಅಲ್ಲಿ ಉಳಿದ ಆಮ್ಲಜನಕವನ್ನು ಅಳೆಯುತ್ತದೆ. ಅದನ್ನು ತಿಳಿದು ಒಂದು ಪುಟ್ಟ ಗಣಕವು ಎಷ್ಟು ಪೆಟ್ರೋಲು ಚಿಮ್ಮಬೇಕೆಂಬುದನ್ನು ಗೊತ್ತುಪಡಿಸುತ್ತದೆ. ಇಷ್ಟನ್ನು ಕೇಳಿದ ತಮ್ಮ ತಟ್ಟನೆ ತಲೆಯೆತ್ತಿ, "ಅಂದ್ರ ನಾ ಕಿವಿಗೊಟ್ಟು ಕೇಳಿ ಮಾಡತಿದ್ದ ಕೆಲಸಾನ ಈಗ ಅದು ಮೂಗಿನಿಂದ ಮಾಡತೈತಿ" ಎಂದ. ಹುಡುಗಿ ನಕ್ಕು, "ಹೌದ್ರಿ ಕಾಕಾ, ಅಷ್ಟ" ಎಂದಳು. ಅಂದು ಅವನು ಹೊಟ್ಟೆ ತುಂಬ ಉಂಡ. ಅಂಗಡಿ ಮುಚ್ಚಲಿಲ್ಲ. ದೋಷ ಹುಡುಕುವ ಸ್ಕ್ಯಾನರ್ ಯಂತ್ರವನ್ನು ಕೊಂಡ. ಇಂದು ವಿದ್ಯುತ್ ಬೈಕುಗಳ ಕೈಪಿಡಿಯ ಓದು ನಡೆದಿದೆ.

ಎಲ್ಲರ ಮನೆಯಲ್ಲಿಯೂ ಗ್ಯಾರೇಜು ಇರುವುದಿಲ್ಲ. ಆದರೆ ವಿಜ್ಞಾನವನ್ನು ಕನ್ನಡದಲ್ಲಿ ತಿಳಿಯಲು ಸಾಕಷ್ಟು ಸಾಮಗ್ರಿ ನಮ್ಮಲ್ಲಿದೆ. ಶಿವರಾಮ ಕಾರಂತರು 1936ರಷ್ಟು ಹಿಂದೆಯೇ ಮಕ್ಕಳಿಗಾಗಿ 'ಬಾಲ ಪ್ರಪಂಚ'ವನ್ನು ಮೂರು ಸಂಪುಟಗಳಲ್ಲಿ ರಚಿಸಿದರು. ಮುಂದೆ ದೊಡ್ಡವರಿಗಾಗಿ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳನ್ನು ಬರೆದರು. ಅವುಗಳಲ್ಲಿಯ ಕೆಲವು ಸಂಗತಿಗಳು ಇಂದು ಹಳೆಯವಾಗಿರಬಹುದು, ತಿಳಿಯಬೇಕೆಂಬ ಹಂಬಲ ಹಳೆಯದಾಗಿಲ್ಲ. ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು' ಗಿಡಮರಗಳ ಶಾಸ್ತ್ರವನ್ನು ನಗಿಸುತ್ತ ಕಲಿಸುವ ಪುಸ್ತಕ. ಪೂರ್ಣಚಂದ್ರ ತೇಜಸ್ವಿಯವರ 'ಮಿಲೆನಿಯಂ' ಮಾಲಿಕೆ ಹರೆಯದ ಹುಡುಗರ ಕೈಗೆ ಕೊಡತಕ್ಕದ್ದು. ನಾಗೇಶ ಹೆಗಡೆಯವರ ಅಂಕಣ ಬರಹಗಳು ವಿಜ್ಞಾನವನ್ನು ಅಂದಂದಿನ ಸುದ್ದಿಯೊಡನೆ ಜೋಡಿಸುತ್ತವೆ. ಶಾಲೆಗೆ ಹೋಗುವ ಮಕ್ಕಳಿದ್ದ ಮನೆಯಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ'ದ ಸಂಚಿಕೆಗಳು ಇರತಕ್ಕವು.

ಮೂರನೆಯದು ಇತಿಹಾಸ. ಇದನ್ನು ದೂರದಿಂದಲ್ಲ, ಮನೆಯ ಹೊಸ್ತಿಲಿನಿಂದ ಆರಂಭಿಸಬೇಕು ಎಂಬುದು ನಮ್ಮ ಅನುಭವ. ನಮ್ಮ ವೆಲ್ಡರರ ಹಳ್ಳಿ ಖಾನಾಪುರ ತಾಲ್ಲೂಕಿನ ಹಲಸಿಯ ಹತ್ತಿರ. ಅಲ್ಲಿಯ ಭೂವರಾಹ ನರಸಿಂಹ ದೇವಾಲಯಕ್ಕೆ ಅವರು ಚಿಕ್ಕಂದಿನಿಂದ ಹೋಗುತ್ತಿದ್ದರು. ಆದರೆ ಆ ಊರು ಆದಿ ಕದಂಬರ ಕಾಲದಲ್ಲಿ ಪಲಾಶಿಕಾ ಎಂಬ ಪ್ರಖ್ಯಾತ ಪಟ್ಟಣವಾಗಿತ್ತೆಂಬುದು ಅವರಿಗೆ ತಿಳಿದಿರಲಿಲ್ಲ. ಅಲ್ಲಿ ದೊರೆತ ತಾಮ್ರಪಟಗಳನ್ನು ಜೆ. ಎಫ್. ಫ್ಲೀಟ್ ಎಂಬ ಆಂಗ್ಲ ಅಧಿಕಾರಿ 1870ರ ದಶಕದಲ್ಲಿ ಓದಿ ಪ್ರಕಟಿಸಿದನು. ಅವುಗಳಲ್ಲಿ ಹೆಚ್ಚಿನವು ಜೈನ ಸಂಸ್ಥೆಗಳಿಗೆ ಕದಂಬ ಅರಸರು ಕೊಟ್ಟ ದಾನಗಳನ್ನು ಹೇಳುತ್ತವೆ. ಅವುಗಳ ವಿವರವನ್ನು ನಾವು ಕಟ್ಟೆಯ ಮೇಲೆ ಓದಿದಾಗ ಒಂದು ಸಂಗತಿ ನಮ್ಮನ್ನು ಬೆರಗುಗೊಳಿಸಿತು. ಕೊಟ್ಟವರು ಯಾರು, ಯಾರಿಗೆ, ಭೂಮಿ ಎಷ್ಟು ನಿವರ್ತನ, ಯಾವ ಕಾರ್ಯದ ಸಲುವಾಗಿ, ಅರಸನ ಆಳಿಕೆಯ ಎಷ್ಟನೆಯ ವರ್ಷ ಎಂಬುದನ್ನೆಲ್ಲ ಅವು ದಾಖಲಿಸುತ್ತವೆ. ಎಷ್ಟು, ಯಾತಕ್ಕೆ, ಯಾವಾಗಿನಿಂದ ಎಂಬ ನಮ್ಮ ಮೂರೂ ಪ್ರಶ್ನೆಗಳಿಗೆ ಸುಮಾರು 1500 ವರ್ಷಗಳ ಹಿಂದೆ ತಾಮ್ರದ ಮೇಲೆ ಉತ್ತರ ಕೆತ್ತಿಟ್ಟಿದ್ದಾರೆ! ಮುಂದಿನ ರವಿವಾರ ವೆಲ್ಡರ್ ಮಹಾಶಯರೇ ನಮ್ಮನ್ನೆಲ್ಲ ಒಂದು ಗಾಡಿಯಲ್ಲಿ ಹಲಸಿಗೆ ಕರೆದೊಯ್ದರು. ಅಂದು ಅವರು ತಮ್ಮ ಊರನ್ನು ತೋರಿಸುವಾಗ ಅವರ ಮುಖದಲ್ಲಿದ್ದ ಕಳೆಯನ್ನು ನಾವು ಮರೆಯಲಾರೆವು.

ಮರಳುವಾಗ ನಂದಗಡದಲ್ಲಿ ಇಳಿದೆವು. ಕಿತ್ತೂರಿನ ಕೋಟೆಯ ಮುಂದೆ 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆ ಹತನಾದದ್ದನ್ನೂ, ಆ ಯುದ್ಧದ ಮುಂದುವರಿಕೆಯಾಗಿ ದಂಗೆಯೆದ್ದ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಇದೇ ನಂದಗಡದಲ್ಲಿ ಗಲ್ಲಿಗೇರಿಸಿದ್ದನ್ನೂ ನಮ್ಮ ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ಆದರೆ ರಾಯಣ್ಣನನ್ನು ಕುರಿತು ಜನ ಕಟ್ಟಿ ಹಾಡಿದ ಲಾವಣಿಯನ್ನು ಬರೆದುಕೊಂಡು ಅಚ್ಚು ಹಾಕಿಸಿದವನು ಅದೇ ಫ್ಲೀಟ್ ಎಂಬುದು ಅನೇಕರಿಗೆ ತಿಳಿಯದು. ಸರಕಾರದ ಕಾಗದಗಳಲ್ಲಿ ರಾಯಣ್ಣ ದಂಗೆಕೋರ, ಜನರ ಹಾಡಿನಲ್ಲಿ ವೀರ. ಇತಿಹಾಸವನ್ನು ಓದುವವರು ಎರಡನ್ನೂ ಎದುರಿಗೆ ಇಟ್ಟುಕೊಳ್ಳಬೇಕು. ಆಲೂರು ವೆಂಕಟರಾಯರ 'ಕರ್ನಾಟಕ ಗತವೈಭವ' (1917), ನಮ್ಮ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದ ಶಂಬಾ ಜೋಶಿಯವರ 'ಕಣ್ಮರೆಯಾದ ಕನ್ನಡ' (1933) ಇವೆರಡನ್ನು ಒಂದರ ಹಿಂದೆ ಒಂದು ಓದಿರಿ. ಮೊದಲನೆಯದು ಅಭಿಮಾನವನ್ನು ಕೊಡುತ್ತದೆ, ಎರಡನೆಯದು ಪ್ರಶ್ನೆ ಕೇಳುವುದನ್ನು ಕಲಿಸುತ್ತದೆ.

ನಾಲ್ಕನೆಯದು ಸಂಸ್ಕೃತಿ. ಇಲ್ಲಿ ಹೇಳಬೇಕಾದ ಪುಸ್ತಕಗಳು ಹಲವು. ಗೋಕಾಕ ತಾಲ್ಲೂಕಿನಲ್ಲಿ ಹುಟ್ಟಿ 1980ರ ಬೆಳಗಾವಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ ಬಸವರಾಜ ಕಟ್ಟೀಮನಿಯವರ 'ಮಾಡಿ ಮಡಿದವರು' ಕಾದಂಬರಿ, 1942ರ ಚಳವಳಿಯಲ್ಲಿ ನಮ್ಮ ಹಳ್ಳಿಗಳು ಹೇಗಿದ್ದುವೆಂಬುದನ್ನು ತೋರಿಸುತ್ತದೆ. ಪಾ. ವೆಂ. ಅವರ 'ಪದಾರ್ಥ ಚಿಂತಾಮಣಿ' ಪುಸ್ತಕ ರೂಪದಲ್ಲಿಯೂ ಬಂದಿದೆ. ದಿನಕ್ಕೊಂದು ಶಬ್ದದಂತೆ ಊಟದ ಹೊತ್ತಿನಲ್ಲಿ ಓದಿದರೂ ಮಕ್ಕಳ ಮಾತು ಶುದ್ಧವಾಗುತ್ತದೆ.

ವಚನ ಸಾಹಿತ್ಯವನ್ನು ಓದಿರಿ ಎಂದು ಈ ಪತ್ರಿಕೆಯ ವಾಚಕರಿಗೆ ನಾವು ಹೇಳಬೇಕಾಗಿಲ್ಲ. ಆದರೆ ಅದು ನಮ್ಮ ಕೈಗೆ ಹೇಗೆ ಬಂದಿತೆಂಬುದನ್ನು ಒಮ್ಮೆ ಮಕ್ಕಳಿಗೆ ಹೇಳಿರಿ. ವಿಜಯಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಹಳ್ಳಿ ಹಳ್ಳಿ ತಿರುಗಿ ತಾಡವೋಲೆಗಳನ್ನು ಕೂಡಿಸಿದರು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳುಹಿಸಿದ ಹಸ್ತಪ್ರತಿ ಅಚ್ಚಾಗದೆ ಮರಳಿತು. ಕೊನೆಗೆ 'ವಚನಶಾಸ್ತ್ರಸಾರ'ದ ಮೊದಲ ಭಾಗ ಅಚ್ಚಾದದ್ದು 1923ರಲ್ಲಿ, ಇದೇ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ. ಮುಂದೆ ಅವರು ತಮ್ಮ ಮನೆಯನ್ನೇ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು, 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. 1993ರಲ್ಲಿ ಸರಕಾರ ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ಸುಲಭ ಬೆಲೆಗೆ ಹೊರತಂದಿತು. ಇಂದು ಅವು ಅಂತರ್ಜಾಲದಲ್ಲಿಯೂ ಸಿಗುತ್ತವೆ. ಒಬ್ಬರು ಮನೆ ಮಾರಿ ಉಳಿಸಿದ್ದನ್ನು ನಾವು ಕಪಾಟಿನಲ್ಲಿಟ್ಟು ಪೂಜಿಸಿದರೆ ಸಾಲದು, ತೆರೆದು ಓದಬೇಕು.

ಪುಸ್ತಕ ಕೊಳ್ಳಲು ಹಣವೆಲ್ಲಿ ಎಂದು ಕೆಲವರು ಕೇಳುವುದುಂಟು. 1965ರ ಸಾರ್ವಜನಿಕ ಗ್ರಂಥಾಲಯ ಕಾಯದೆಯಂತೆ ನಾವು ಕಟ್ಟುವ ಆಸ್ತಿ ತೆರಿಗೆಯ ರೂಪಾಯಿಗೆ ಆರು ಪೈಸೆ ಗ್ರಂಥಾಲಯದ ಕರವೂ ಸೇರಿರುತ್ತದೆ. ಹಣವನ್ನು ಈಗಾಗಲೆ ಕೊಟ್ಟಿದ್ದೇವೆ, ಪುಸ್ತಕ ತರುವುದೊಂದೇ ಉಳಿದಿದೆ. ಒಬ್ಬರು ಗಟ್ಟಿಯಾಗಿ ಓದಿ ಉಳಿದವರು ಕೇಳಿದರೆ ಇಡೀ ಮನೆಗೆ ಒಂದೇ ಪುಸ್ತಕ ಸಾಕು. ಅಕ್ಷರ ಬಾರದ ಅಜ್ಜಿಗೂ ಅದರಲ್ಲಿ ಪಾಲು ಸಿಗುತ್ತದೆ.

ನಮ್ಮ ಅಳಿಯನ ವಿಷಯವನ್ನು ಹೇಳಿ ಮುಗಿಸುತ್ತೇವೆ. 2022ರ ಡಿಸೆಂಬರ್ ಕೊನೆಯಲ್ಲಿ ಕಳಸಾ-ಬಂಡೂರಿಯ ಪರಿಷ್ಕೃತ ಯೋಜನಾ ವರದಿಗೆ ಕೇಂದ್ರ ಜಲ ಆಯೋಗ ಒಪ್ಪಿಗೆ ಕೊಟ್ಟಿತೆಂಬ ಸುದ್ದಿ ಬಂದಿತು. ಆ ವಾರದ ರವಿವಾರ ಅವನು ಯಾವುದೋ ಕೆಲಸಕ್ಕೆಂದು ಬೆಳಗಾವಿಗೆ ಬಂದವನು ನಮ್ಮ ಕಟ್ಟೆಯ ಮೇಲೆ ಬಂದು ಕುಳಿತ. ಪತ್ರಿಕೆಯಲ್ಲಿ ಮತ್ತೆ ದೊಡ್ಡ ಅಕ್ಷರಗಳಿದ್ದುವು. ನಾವು ಓದಲು ಕೈಚಾಚಿದೆವು, ನಮ್ಮ ಕೈ ನಡುಗುತ್ತಿತ್ತು. ಅವನು, "ಇರಲಿ ಬಿಡ್ರಿ ಮಾಮಾ, ನಾ ಓದತೀನಿ" ಎಂದು ಪತ್ರಿಕೆಯನ್ನು ತೆಗೆದುಕೊಂಡು ತಲೆಬರಹದಿಂದ ಕೊನೆಯ ಸಾಲಿನವರೆಗೆ ಬೆರಳಿಟ್ಟು ಗಟ್ಟಿಯಾಗಿ ಓದಿದ. ಓದಿ ಮಡಚಿಟ್ಟು, "ಇದು ಮಂಜೂರಿ ಐತ್ರಿ, ನೀರಲ್ಲ. ಅರಣ್ಯದವರ ಒಪ್ಪಿಗಿ ಇನ್ನೂ ಆಗಬೇಕಂತ. ಈ ವರ್ಷಾನೂ ಜ್ವಾಳಾನ ಬಿತ್ತೂಣು" ಎಂದ.

ಕಟ್ಟೆಯ ಮೇಲೆ ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನೇ ನಮ್ಮ ಕಡೆಗೆ ತಿರುಗಿ, "ಮುಂದಿನ ರವಿವಾರ ಏನ್ ಓದತೀರಿ, ಮಾಮಾ?" ಎಂದು ಕೇಳಿದ. ನಮ್ಮ ಮೇಲೆ ಅವನಿಗೆ ಮತ್ತೆ ಹುಟ್ಟಿದ ಆ ವಿಶ್ವಾಸಕ್ಕೆ ನಾವು ಯೋಗ್ಯರೋ ಅಲ್ಲವೋ ನಾವು ಹೇಳಲಾರೆವು. ಹಲಸಿಯ ತಾಮ್ರಪಟಗಳ ವಿವರವಿದ್ದ ಪುಸ್ತಕವನ್ನು ಅವನ ಕೈಯಲ್ಲಿ ಇಟ್ಟೆವು. ಅವನು ಅದನ್ನು ಚೀಲದಲ್ಲಿ ಹಾಕಿಕೊಂಡು ಸವದತ್ತಿಯ ಬಸ್ಸಿಗೆ ಹೊರಟ.

ವಾಚಕ ಬಂಧುಗಳು ಮುಂದಿನ ರವಿವಾರ ತಮ್ಮ ತಮ್ಮ ಮನೆಯ ಕಟ್ಟೆಯ ಮೇಲೆ ಒಂದು ತಾಸು ಕುಳಿತು ನೋಡಲಿ ಎಂಬುದೇ ನಮ್ಮ ವಿನಂತಿ.